ದೊಡ್ಡದಾಗಿ ಬರೆಯೋದು ಯಾರನ್ನು?

2022ರ ಆಗಸ್ಟ್ 30. ಅವತ್ತು ನೆದರ್‌ಲ್ಯಾಂಡ್ಸ್‌ನ ಮುಖ್ಯ ಮಾರ್ಗಗಳಲ್ಲಿ ರೈಲೇ ಓಡಲಿಲ್ಲ. ಸಂಬಳ ಜಾಸ್ತಿ ಮಾಡಿ ಅಂತ ರೈಲ್ವೆ ನೌಕರರ ಮುಷ್ಕರ. ನಾನು ಆಮ್ಸ್ಟೆಲ್‌ವೇನ್‌ನ ಮನೆಯಲ್ಲೇ ಲ್ಯಾಪ್‌ಟಾಪ್ ತೆಗೆದು ಕೂತಿದ್ದೆ. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಈಗ ಬೈಗುಳ ಶುರುವಾಗುತ್ತೆ ಅಂದುಕೊಂಡರೆ, ಒಬ್ಬ ಡಚ್ ಸಹೋದ್ಯೋಗಿ ಸುಮ್ನೆ ಒಂದು ಹಳೇ ಕಪ್ಪು ಬಿಳುಪು ಚಿತ್ರ ಹಾಕಿದ. ಕೆಳಗೆ ಒಂದು ನಗುಮುಖ. ಅಷ್ಟೇ.

ಚಿತ್ರದಲ್ಲಿ ಒಬ್ಬ ರೈಲ್ವೆ ಕೆಲಸಗಾರ. ಆಳು ರೈಲಿಗಿಂತ ದೊಡ್ಡವನು. ಅವನ ಎದುರು ರೈಲುಗಳೆಲ್ಲ ಜಾತ್ರೆಯಲ್ಲಿ ತಂದ ಆಟಿಕೆ ಥರ ನಿಂತಿವೆ. ಜೊತೆಗೆ ಪ್ರಾಸದ ಎರಡು ಸಾಲು. ಕನ್ನಡದಲ್ಲಿ ಹೇಳಬೇಕಂದ್ರೆ, ನಿನ್ನ ಬಲವಾದ ತೋಳು ಮನಸ್ಸು ಮಾಡಿದರೆ ಎಲ್ಲಾ ಗಾಲಿಗಳೂ ನಿಂತುಬಿಡುತ್ತವೆ ಅಂತ. ಚಿತ್ರ ಬರೆದದ್ದು 1903ರಲ್ಲಿ. ಬರೆದವನು ಆಲ್ಬರ್ಟ್ ಹಾನ್ ಅನ್ನುವ ಡಚ್ ವ್ಯಂಗ್ಯಚಿತ್ರಕಾರ.

ಆ ಚಿತ್ರ ನೋಡಿ ನನಗೆ ಕಾರ್ಮಿಕ ಚಳವಳಿ ನೆನಪಾಗಲಿಲ್ಲ. ನೆನಪಾಗಿದ್ದು ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸಿನಿಮಾ ಕಟೌಟು. ಥಿಯೇಟರಿನ ಕಟ್ಟಡಕ್ಕಿಂತ ಎತ್ತರದ ರಾಜ್‌ಕುಮಾರ್, ಕಾಲಿನ ಹತ್ತಿರ ಇರುವೆಗಳ ಥರ ಜನ. ದೊಡ್ಡವರನ್ನು ದೊಡ್ಡದಾಗಿ ಬರೆಯೋದು ನಮಗೆ ಹೊಸದಲ್ಲ. ಹಳೇ ದೇವಸ್ಥಾನದ ಗೋಡೆಯಲ್ಲೂ ಅಷ್ಟೇ, ರಾಜ ದೊಡ್ಡವನು, ಚಾಮರ ಬೀಸುವವಳು ಮೊಣಕಾಲೆತ್ತರ. ಆದರೆ ಹಾನ್ ಬರೆದ ಈ ದೊಡ್ಡ ಮನುಷ್ಯ ಯಾರು? ಅವನಿಗೆ ಹೆಸರಿಲ್ಲ. ಟೋಪಿ ಹಾಕಿಕೊಂಡ ಯಾವುದೋ ಒಬ್ಬ ನೌಕರ. ಇದು ನನಗೆ ವಿಚಿತ್ರ ಅನಿಸಿತು. ಅವತ್ತಿನಿಂದ ಈ ಹಾನ್ ನನ್ನ ತಲೆ ಹೊಕ್ಕು ಕೂತಿದ್ದಾನೆ.

ಹುಟ್ಟಿದ್ದು 1877ರಲ್ಲಿ, ದೇಶದ ಉತ್ತರ ತುದಿಯ ಊರಲ್ಲಿ. ಊರಿನ ಹೆಸರನ್ನು ನಾವು ಗ್ರೋನಿಂಗನ್ ಅಂತೀವಿ. ಡಚ್ಚರು ಅದೇ 'ಗ'ವನ್ನು ಗಂಟಲು ಕೆರೆದು ಕಫ ತೆಗೆದ ಹಾಗೆ 'ಖ್ರೋನಿಂಗೆ' ಅಂತಾರೆ. ಇಷ್ಟು ವರ್ಷ ಆದರೂ ನನ್ನ ಗಂಟಲಿಗೆ ಅದು ಬಂದಿಲ್ಲ, ಬಿಡಿ. ಬಡವರ ಮನೆ. ಹುಡುಗನಿಗೆ ಬೆನ್ನುಮೂಳೆಯ ಕ್ಷಯ. ಆಡುವ ವಯಸ್ಸಿನ ಹಲವು ವರ್ಷ ಆಸ್ಪತ್ರೆಯ ಮಂಚದ ಮೇಲೆ ಕಳೆದ. ಆಮೇಲೆ ಊರಿನ ಮಿನರ್ವಾ ಕಲಾಶಾಲೆ, ಅಲ್ಲಿಂದ ಆಮ್ಸ್ಟರ್‌ಡ್ಯಾಮ್. 1902ರಿಂದ ಸಮಾಜವಾದಿ ಪಕ್ಷದ ದಿನಪತ್ರಿಕೆ 'ಹೆಟ್ ಫೋಲ್ಕ್'ನ ಭಾನುವಾರದ ಪುರವಣಿಗೆ ಚಿತ್ರ ಬರೆಯಲು ಶುರು. ಹೆಟ್ ಫೋಲ್ಕ್ ಅಂದ್ರೆ 'ಜನ'. ಆ ಪುರವಣಿಗೆ ಆಮೇಲೆ 'ನೋಟೆನ್‌ಕ್ರಾಕರ್' ಅಂತ ಹೆಸರು ಬಂತು, ಗಟ್ಟಿ ಕಾಯಿ ಒಡೆಯುವ ಇಕ್ಕಳ ಅಂತ ಅರ್ಥ. ನಮ್ಮ ಮಲೆನಾಡಿನವರು ಪತ್ರಿಕೆ ಮಾಡಿದ್ದರೆ 'ಅಡಕತ್ತರಿ' ಅಂತ ಇಡುತ್ತಿದ್ದರೇನೋ. ಸತ್ತಿದ್ದು 1918ರ ಆಗಸ್ಟ್‌ನಲ್ಲಿ, 41ನೇ ವಯಸ್ಸಿಗೆ. ಕೈಗೆ ಸಿಕ್ಕಿದ್ದು ಒಟ್ಟು ಹದಿನಾರೇ ವರ್ಷ. ಅಷ್ಟರಲ್ಲಿ ಸಾವಿರಾರು ಚಿತ್ರ, ಅದರ ಮೇಲೆ ಪಕ್ಷದ ಪೋಸ್ಟರ್‌ಗಳು.

ಆ 1903ರ ಚಿತ್ರದ ಹಿಂದೆ ಒಂದು ಕಥೆ ಇದೆ. ಜನವರಿಯಲ್ಲಿ ಆಮ್ಸ್ಟರ್‌ಡ್ಯಾಮ್ ಬಂದರಿನ ಹಮಾಲರು ಮುಷ್ಕರ ಹೂಡಿದರು. ಅವರ ಬೆಂಬಲಕ್ಕೆ ರೈಲ್ವೆಯವರು ನಿಂತರು. ರೈಲು ನಿಂತಿತು, ಕಂಪನಿಗಳು ಕೆಲವೇ ದಿನದಲ್ಲಿ ಮಣಿದವು. ಹಾನ್ ಬರೆದದ್ದು ಆ ಗೆಲುವಿನ ಹುಮ್ಮಸ್ಸಿನಲ್ಲಿ. ಕೆಳಗಿನ ಪ್ರಾಸ ಅವನದಲ್ಲ. ಗೇಯೋರ್ಗ್ ಹೆರ್ವೆಗ್ ಅನ್ನುವ ಜರ್ಮನ್ ಕವಿ 1863ರಲ್ಲೇ ಬರೆದ ಸಾಲು, ಡಚ್ಚಿಗೆ ಬಂದಿತ್ತು. ಆದರೆ ಪ್ರಧಾನಿ ಅಬ್ರಹಾಂ ಕೈಪರ್ ಸುಮ್ಮನೆ ಕೂರುವ ಆಸಾಮಿ ಆಗಿರಲಿಲ್ಲ. ರೈಲ್ವೆಯವರು, ಸರ್ಕಾರಿ ನೌಕರರು ಮುಷ್ಕರ ಮಾಡಿದರೆ ಅದು ಅಪರಾಧ ಅಂತ ಮಸೂದೆ ತಂದ. ಕಾರ್ಮಿಕರು ಅದಕ್ಕೆ ಇಟ್ಟ ಹೆಸರು 'ಕತ್ತು ಹಿಸುಕುವ ಕಾನೂನು'. ಏಪ್ರಿಲ್‌ನಲ್ಲಿ ಅದರ ವಿರುದ್ಧ ದೇಶವ್ಯಾಪಿ ಮುಷ್ಕರ ಕರೆದರು. ಅದು ಮಕಾಡೆ ಬಿತ್ತು. ಕಾನೂನು ಪಾಸಾಯಿತು, ಬಹಳ ಜನ ಕೆಲಸ ಕಳೆದುಕೊಂಡರು.

ಅಂದರೆ ಆ ದೈತ್ಯ ನೌಕರ ಮೂರು ತಿಂಗಳೊಳಗೆ ಸೋತ. ಚಿತ್ರ ಮಾತ್ರ ಸೋಲಲಿಲ್ಲ. ನೂರಾ ಇಪ್ಪತ್ತು ವರ್ಷ ಆದಮೇಲೂ ಮುಷ್ಕರದ ದಿನ ಯಾರದೋ ಫೋನಿನಲ್ಲಿ ಬಂದು ಕೂತುಕೊಳ್ಳುತ್ತದೆ.

ಈಗ ನಮ್ಮ ಕಡೆಗೆ ಬರ್ತೀನಿ. ನಮ್ಮಲ್ಲೂ ಒಬ್ಬ ಹೆಸರಿಲ್ಲದ ಮನುಷ್ಯ ಇದ್ದಾನೆ. ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರ ಕಾಮನ್ ಮ್ಯಾನ್. ಚೌಕುಳಿ ಕೋಟು, ಪಂಚೆ, ಬುರುಡೆ ತಲೆ, ಕನ್ನಡಕ. ಲಕ್ಷ್ಮಣ್ ಚಿಕ್ಕವರಿದ್ದಾಗ ರಾಶಿಯವರ 'ಕೊರವಂಜಿ'ಗೆ ಚಿತ್ರ ಬರೆದು ಕೈ ಪಳಗಿಸಿಕೊಂಡವರು. ಆಮೇಲೆ ಮುಂಬೈಗೆ ಹೋಗಿ ದಶಕಗಟ್ಟಲೆ ದಿನಾ ಪತ್ರಿಕೆಯ ಮುಖಪುಟದಲ್ಲಿ ಈ ಮನುಷ್ಯನನ್ನು ನಿಲ್ಲಿಸಿದರು. ನಿಲ್ಲಿಸಿದ್ದು ಎಲ್ಲಿ? ಮೂಲೆಯಲ್ಲಿ. ಮಂತ್ರಿಗಳು ಮಾತಾಡ್ತಾರೆ, ಅಧಿಕಾರಿಗಳು ಮಾತಾಡ್ತಾರೆ, ಇವನು ಕಣ್ಣು ಬಿಟ್ಟುಕೊಂಡು ನೋಡ್ತಾನೆ. ತುಟಿ ಪಿಟಕ್ ಅನ್ನಲ್ಲ. ಹಾನ್‌ನ ಹೆಸರಿಲ್ಲದವನು ರೈಲು ನಿಲ್ಲಿಸ್ತಾನೆ, ನಮ್ಮ ಹೆಸರಿಲ್ಲದವನು ಪ್ಲಾಟ್‌ಫಾರ್ಮಿನ ತುದಿಯಲ್ಲಿ ರೈಲಿಗೆ ಕಾಯ್ತಾನೆ. ನನಗೆ ಲಕ್ಷ್ಮಣ್ ಅವರ ಗೆರೆ ಇವತ್ತಿಗೂ ಹೆಚ್ಚು ಇಷ್ಟ, ಅದರಲ್ಲಿ ಎರಡು ಮಾತಿಲ್ಲ. ಅವರು ಓದುಗನಿಗಾಗಿ ಬರೆದರು, ಹಾನ್ ಪಕ್ಷಕ್ಕಾಗಿ ಬರೆದ, ಆದ್ದರಿಂದ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗೋದೂ ಸರಿಯಲ್ಲ. ಆದರೂ ನಮ್ಮ ಸಾಮಾನ್ಯ ಮನುಷ್ಯನನ್ನು ಒಬ್ಬರಾದರೂ ಒಂದು ಸಲ, ಒಂದೇ ಒಂದು ಸಲ, ವಿಧಾನಸೌಧಕ್ಕಿಂತ ಎತ್ತರ ಬರೆದಿದ್ದರೆ ಹೇಗಿರುತ್ತಿತ್ತು ಅನ್ನೋ ಆಸೆ ನನಗೆ ಇದೆ.

ನನ್ನ ಸೋದರಮಾವ ಸಾಗರದಲ್ಲಿ ಪೇಂಟರ್. ಊರವರಿಗೆಲ್ಲ 'ಪೇಂಟರ್ ಮಾವ'. ಅಂಗಡಿ ಬೋರ್ಡು, ಲಾರಿ ಹಿಂಭಾಗ, ಶಾಲೆ ಗೋಡೆಯ ಗಾಂಧಿ, ಯಕ್ಷಗಾನದ ಬ್ಯಾನರ್, ಚುನಾವಣೆ ಬಂದರೆ ಎಲ್ಲಾ ಪಕ್ಷದ ಗುರುತು. ರಜೆಯಲ್ಲಿ ನಾನು ಅವರ ಬಾಲ. ಗೋಡೆಗೆ ಸುಣ್ಣ ಹೊಡೆದು, ದಾರಕ್ಕೆ ನೀಲಿಪುಡಿ ಸವರಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಮಧ್ಯೆ ಎಳೆದು ಪಟ್ ಅಂತ ಬಿಡುತ್ತಿದ್ದರು. ಗೋಡೆ ಮೇಲೆ ನೇರ ನೀಲಿ ಗೆರೆ. ಹಾಗೇ ಅಡ್ಡಡ್ಡ ಉದ್ದುದ್ದ ಚೌಕ ಹೊಡೆದು, ಅಂಗೈಯಗಲದ ಫೋಟೋವನ್ನು ಚೌಕಕ್ಕೊಂದು ಚೌಕದಂತೆ ಹತ್ತಡಿಗೆ ಏರಿಸುತ್ತಿದ್ದರು. ಹತ್ತಿರದಿಂದ ನೋಡಿದರೆ ಕಣ್ಣು ಯಾವುದು ಮೂಗು ಯಾವುದು ಗೊತ್ತಾಗುತ್ತಿರಲಿಲ್ಲ. ರಸ್ತೆ ದಾಟಿ ಆಚೆ ಬದಿಗೆ ಹೋಗಿ ನೋಡು ಅನ್ನುತ್ತಿದ್ದರು. ಆಚೆ ಹೋಗಿ ತಿರುಗಿದರೆ ಮುಖ ಎದ್ದು ಕೂತಿರುತ್ತಿತ್ತು.

ಈ 'ರಸ್ತೆ ಆಚೆ ಹೋಗಿ ನೋಡು' ಅನ್ನೋ ಮಾತು ಹಾನ್‌ಗೆ ಚೆನ್ನಾಗಿ ಗೊತ್ತಿತ್ತು. ಅವನಿಗಿಂತ ಸ್ವಲ್ಪ ಮುಂಚಿನ ಡಚ್ ಪೋಸ್ಟರ್‌ಗಳನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಜಾವಾದಲ್ಲಿ ಹುಟ್ಟಿದ ಯಾನ್ ಟೋರಪ್ ಅನ್ನುವ ಕಲಾವಿದ 1894ರಲ್ಲಿ ಡೆಲ್ಫ್ಟ್ ಊರಿನ ಸಲಾಡ್ ಎಣ್ಣೆಗೆ ಒಂದು ಪೋಸ್ಟರ್ ಮಾಡಿದ. ಇಬ್ಬರು ಹೆಂಗಸರು, ಅವರ ಕೂದಲು ಬಳ್ಳಿಯಂತೆ ಸುತ್ತಿ ಸುತ್ತಿ ಇಡೀ ಹಾಳೆ ತುಂಬಿದೆ. ಅದು ಎಷ್ಟು ಹೆಸರಾಯಿತು ಅಂದ್ರೆ ಆ ಶೈಲಿಗೇ ಡಚ್ಚರು 'ಸಲಾಡ್ ಎಣ್ಣೆ ಶೈಲಿ' ಅಂತ ಅಡ್ಡಹೆಸರಿಟ್ಟರು. ಚೆಂದ ಇದೆ, ನಿಂತು ನೋಡಬೇಕು, ಹತ್ತಿರ ಹೋಗಿ ಬಳ್ಳಿ ಹಿಡಿದು ಹೋಗಬೇಕು. ಕಾರ್ಖಾನೆಗೆ ಓಡುವವನಿಗೆ ಅಷ್ಟು ಪುರುಸೊತ್ತು ಎಲ್ಲಿ? ಹಾನ್ ಬಳ್ಳಿಯನ್ನೆಲ್ಲ ಕಿತ್ತು ಬಿಸಾಕಿದ. ಉಳಿದದ್ದು ದಪ್ಪ ಗೆರೆ, ಕಪ್ಪು, ಕೆಂಪು, ನಾಲ್ಕಾರು ಪದ.

ಬಣ್ಣ ಕಡಿಮೆ ಇರಲು ಇನ್ನೊಂದು ಕಾರಣ ಇದೆ, ಅದನ್ನು ಕಣ್ಣಾರೆ ನೋಡಿದೆ. ಇಲ್ಲಿನ ಒಂದು ಸಣ್ಣ ಅಚ್ಚಿನ ಮನೆಯಲ್ಲಿ ಶನಿವಾರ ಹಳೇ ಯಂತ್ರ ಓಡಿಸಿ ತೋರಿಸುತ್ತಾರೆ. ಆ ಕಾಲದ ಪೋಸ್ಟರ್‌ಗಳು ಹೆಚ್ಚಾಗಿ ಕಲ್ಲಚ್ಚಿನವು. ಕಲ್ಲಚ್ಚು ಅಂದ ತಕ್ಷಣ ಕನ್ನಡಿಗರಿಗೆ ಮಂಗಳೂರು ನೆನಪಾಗಬೇಕು. ಬಾಸೆಲ್ ಮಿಷನ್ನಿನವರು 1841ರಲ್ಲಿ ಅಲ್ಲಿ ಶುರು ಮಾಡಿದ್ದು ಕಲ್ಲಚ್ಚನ್ನೇ, 1843ರ 'ಮಂಗಳೂರ ಸಮಾಚಾರ' ಬಂದದ್ದೂ ಅದರಲ್ಲೇ. ನಾನು ಆ ಪದವನ್ನು ಶಾಲೆಯಲ್ಲಿ ಉರು ಹೊಡೆದಿದ್ದೆ, ಕಲ್ಲು ನೋಡಿದ್ದು ಇಲ್ಲಿ. ದಿಂಬಿನಷ್ಟು ದಪ್ಪದ, ಬೆಣ್ಣೆ ಬಣ್ಣದ, ಕೈಯಾಡಿಸಿದರೆ ಜಾರುವ ಸುಣ್ಣಕಲ್ಲು. ಅದರ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆಯುತ್ತಾರೆ. ಆಮೇಲೆ ಒದ್ದೆ ಸ್ಪಂಜಿನಿಂದ ಒರೆಸಿ, ಉರುಳೆಯಲ್ಲಿ ಶಾಯಿ ಓಡಿಸುತ್ತಾರೆ. ಜಿಡ್ಡಿದ್ದ ಕಡೆ ಶಾಯಿ ಕಚ್ಚಿಕೊಳ್ಳುತ್ತೆ, ಒದ್ದೆಯಿದ್ದ ಕಡೆ ಜಾರಿ ಹೋಗುತ್ತೆ. ಎಣ್ಣೆ ನೀರಿನ ಜಗಳ, ಅಷ್ಟೇ. ಹಾಳೆ ಇಟ್ಟು ಒತ್ತಿದರೆ ಚಿತ್ರ ಬಂತು. ನೇರವಾಗಿ ಕಲ್ಲಿನ ಮೇಲೆ ಬರೆಯುವವನು ಅಕ್ಷರವನ್ನೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆಯಬೇಕು. ಮುಖ್ಯವಾದದ್ದು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮೂರು ಬಣ್ಣ ಅಂದ್ರೆ ಮೂರು ಕಲ್ಲು ಹೊರಬೇಕು, ಪ್ರತಿ ಹಾಳೆಯನ್ನೂ ಮೂರು ಸಲ, ಕೂದಲೆಳೆ ಅತ್ತಿತ್ತ ಆಗದ ಹಾಗೆ ಒತ್ತಬೇಕು. ಪಕ್ಷದ ಹತ್ತಿರ ದುಡ್ಡಿಲ್ಲ. ಹಾಗಾಗಿ ಕೆಂಪು ಮತ್ತು ಕಪ್ಪು. ಬಡತನದಿಂದ ಬಂದ ಶೈಲಿ ಅದು, ಆಮೇಲೆ ಪಕ್ಷದ ಮುಖವೇ ಆಯಿತು.

ಫ್ಲೆಕ್ಸಿಗೆ ಈ ತೊಂದರೆ ಇಲ್ಲ ನೋಡಿ. ಅಲ್ಲಿ ಎಲ್ಲಾ ಬಣ್ಣವೂ ಒಂದೇ ದರ. ಚದರಡಿಗೆ ಇಷ್ಟು ಅಂತ ಕೊಟ್ಟರೆ ಎಷ್ಟು ಬಣ್ಣ, ಎಷ್ಟು ಮುಖ ಬೇಕಾದರೂ ತುರುಕಬಹುದು. ಹೋದ ಸಲ ಊರಿಗೆ ಹೋದಾಗ ಬಸ್ ಸ್ಟ್ಯಾಂಡಿನ ಎದುರು ಒಂದು ಫ್ಲೆಕ್ಸಿನ ಮುಂದೆ ನಿಂತು ಎಣಿಸಿದೆ. ಮಧ್ಯದಲ್ಲಿ ಹುಟ್ಟುಹಬ್ಬದ ಮುಖಂಡರು, ಬಿಳಿ ಅಂಗಿ, ಕೈ ಮುಗಿದಿದ್ದಾರೆ. ಹಿಂದೆ ಒಂದು ಸಿಂಹ. ಮೇಲೆ ಅವರ ನಾಯಕರು ಐದು ಜನ, ದರ್ಜೆ ಪ್ರಕಾರ ದೊಡ್ಡದು ಸಣ್ಣದು. ಕೆಳಗೆ 'ಶುಭಕೋರುವವರು' ಅಂತ ಬರೆದು ಅಂಚೆಚೀಟಿಯಂಥ ಮುಖಗಳು, ಇಪ್ಪತ್ತೇಳು. ನಾಲ್ಕು ಜನ ಕೂಲಿಂಗ್ ಗ್ಲಾಸ್, ಮೂವರು ಕಿವಿಗೆ ಫೋನು. ಒಟ್ಟು ಮೂವತ್ತಮೂರು ಮುಖ, ಸಿಂಹವನ್ನು ಬಿಟ್ಟು. ಇಷ್ಟು ಜನ ಸೇರಿ ನನಗೆ, ಅಂದರೆ ರಸ್ತೆಯಲ್ಲಿ ಹೋಗುವವನಿಗೆ, ಹೇಳಿದ್ದೇನು? ಏನೂ ಇಲ್ಲ. ಅದು ನನಗೆ ಬರೆದದ್ದೇ ಅಲ್ಲ. ಮಧ್ಯದಲ್ಲಿರುವವರು ಕಾರಿನಲ್ಲಿ ಹೋಗುವಾಗ ಕೆಳಗಿನ ಇಪ್ಪತ್ತೇಳು ಮುಖ ನೋಡಲಿ ಅಂತ ಹಾಕಿದ್ದು.

ಇದನ್ನು ಬರೀ ಗೇಲಿ ಮಾಡಿ ಮುಂದೆ ಹೋಗೋದು ಸುಲಭ. ಹೊರನಾಡಿನಲ್ಲಿ ಕೂತವರಿಗಂತೂ ಇನ್ನೂ ಸುಲಭ. ಆದರೆ ಆ ಅಂಚೆಚೀಟಿ ಮುಖದ ಹುಡುಗರಲ್ಲಿ ಒಬ್ಬ ನನ್ನ ಜೊತೆ ಹೈಸ್ಕೂಲಲ್ಲಿ ಇದ್ದವನು. ಮುನ್ನೂರು ರೂಪಾಯಿ ಹಾಕಿದ್ದನಂತೆ. "ನಾಳೆ ತಾಲ್ಲೂಕು ಆಫೀಸಲ್ಲಿ ಅಮ್ಮನ ಪಿಂಚಣಿ ಕೆಲಸಕ್ಕೆ ಹೋದ್ರೆ ಇವನು ನಮ್ಮ ಕಡೆಯವನು ಅಂತ ಒಬ್ಬರಾದ್ರೂ ಅನ್ನಬೇಕಲ್ಲ ಮಾರಾಯ" ಅಂದ. ಅದಕ್ಕೆ ಏನು ಉತ್ತರ ಕೊಡಲಿ? ಅವನಿಗೂ ದೊಡ್ಡದಾಗಿ ಕಾಣಬೇಕು ಅನ್ನೋ ಆಸೆ ಇದೆ, ಸಿಕ್ಕ ಜಾಗ ಅಂಚೆಚೀಟಿಯಷ್ಟು. ಗೋಡೆ ಗಲೀಜು ಮಾಡಬಾರದು ಅಂತ ನಮ್ಮಲ್ಲಿ 1981ರಿಂದ ಕಾನೂನೇ ಇದೆ. 2018ರಲ್ಲಿ ಹೈಕೋರ್ಟ್ ಗದರಿದಾಗ ಬೆಂಗಳೂರಿನಲ್ಲಿ ರಾತ್ರೋರಾತ್ರಿ ಫ್ಲೆಕ್ಸ್ ಕಿತ್ತರು. ಆಮೇಲೆ ಏನಾಯಿತು ಅಂತ ನಾನು ಹೇಳಬೇಕಿಲ್ಲ, ನೀವು ದಿನಾ ಅದರ ಕೆಳಗೇ ಓಡಾಡ್ತೀರಿ.

ನಮ್ಮಲ್ಲಿ ಯಾವಾಗಲೂ ಹೀಗೇ ಇತ್ತು ಅಂತಲೂ ಅಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಶಿವಮೊಗ್ಗ ಕಡೆಯಿಂದಲೇ ರೈತ ಸಂಘ ಎದ್ದಿತು. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಹಳ್ಳಿ ಹಳ್ಳಿಯ ಬಾಗಿಲಲ್ಲಿ ಬೋರ್ಡು ನೆಟ್ಟರು. ಅಂಥ ಕೆಲವನ್ನು ಮಾವನೂ ಬರೆದಿದ್ದಾರೆ, ಹಸಿರು ಬಣ್ಣದಲ್ಲಿ. ಮುಖ ಇಲ್ಲ, ಚಿತ್ರ ಇಲ್ಲ, ನಾಯಕರ ಹೆಸರೂ ಇಲ್ಲ. ಬರೀ ಅಕ್ಷರ. ಹಾನ್ ನೋಡಿದ್ದರೆ ಮೆಚ್ಚುತ್ತಿದ್ದ ಅಂತ ನನ್ನ ಅನಿಸಿಕೆ. ಯಾರಿಗೆ ಹೇಳಬೇಕೋ ಅವರಿಗೇ, ಏನು ಬೇಕೋ ಅದನ್ನೇ ಹೇಳಿದ ಬೋರ್ಡು ಅದು.

ಹಾನ್ ಕಾಲದಲ್ಲಿ ಪಕ್ಷಕ್ಕೆ ಬೇಕಾಗಿದ್ದದ್ದು ಓಟಿನ ಹಕ್ಕು. ಆಗ ಇಲ್ಲಿ ಎಲ್ಲರಿಗೂ ಓಟಿರಲಿಲ್ಲ. ತೆರಿಗೆ ಎಷ್ಟು ಕಟ್ಟುತ್ತಾನೆ, ಬಾಡಿಗೆ ಎಷ್ಟು, ಉಳಿತಾಯ ಎಷ್ಟು ಅಂತೆಲ್ಲ ನೋಡಿ ಗಂಡಸರಿಗೆ ಮಾತ್ರ. 1911ರ ಸೆಪ್ಟೆಂಬರ್‌ನಲ್ಲಿ, ರಾಣಿ ಸಂಸತ್ತು ತೆರೆಯುವ ಮಂಗಳವಾರದ ದಿನವೇ, ಸಮಾಜವಾದಿಗಳು ಹೇಗ್ ನಗರದಲ್ಲಿ ಸೇರಿದರು. 3 ಲಕ್ಷಕ್ಕೂ ಮೀರಿ ಸಹಿ ತಂದಿದ್ದರು. ಮರುವರ್ಷ ಮತ್ತೆ. ಆ ದಿನಗಳಿಗೆ 'ಕೆಂಪು ಮಂಗಳವಾರ' ಅಂತ ಹೆಸರು. ಎಲ್ಲಾ ಗಂಡಸರಿಗೆ ಓಟು ಸಿಕ್ಕಿದ್ದು 1917ರಲ್ಲಿ, ಹೆಂಗಸರಿಗೆ 1919ರಲ್ಲಿ. ಗಂಡಸರೆಲ್ಲ ಸೇರಿ ಓಟು ಹಾಕಿದ ಮೊದಲ ಚುನಾವಣೆ ನಡೆದದ್ದು 1918ರ ಜುಲೈನಲ್ಲಿ. ಪಕ್ಷಕ್ಕೆ ನೂರರಲ್ಲಿ 22 ಸ್ಥಾನ. ಒಂದು ತಿಂಗಳಿಗೆ ಹಾನ್ ಹೋಗಿಬಿಟ್ಟ.

ಅವನು ದೊಡ್ಡದಾಗಿ ಬರೆದ ಇನ್ನೊಬ್ಬ ಮನುಷ್ಯ ಇದ್ದಾನೆ, ಅದೇ ಪ್ರಧಾನಿ ಕೈಪರ್. ಹೆಸರಿಲ್ಲದ ನೌಕರನನ್ನು ಗೌರವದಿಂದ ದೊಡ್ಡದು ಮಾಡಿದ, ಹೆಸರಿದ್ದ ಕೈಪರನನ್ನು ಚುಚ್ಚಲಿಕ್ಕಾಗಿ ದೊಡ್ಡದು ಮಾಡಿದ. ಕೈಪರ್ ಸಣ್ಣ ಮನುಷ್ಯ ಅಲ್ಲ. ಪಾದ್ರಿ, ಪತ್ರಿಕೆ ಕಟ್ಟಿದವನು, ಪಕ್ಷ ಕಟ್ಟಿದವನು, ಆಮ್ಸ್ಟರ್‌ಡ್ಯಾಮ್‌ನಲ್ಲಿ ನಾನು ದಿನಾ ಹಾದು ಹೋಗುವ ಫ್ರೇಯ್ ವಿಶ್ವವಿದ್ಯಾಲಯವನ್ನು 1880ರಲ್ಲಿ ಕಟ್ಟಿದವನು. ಹಾನ್‌ಗೆ ಅವನ ಅಗಲ ಮುಖ ಸಿಕ್ಕಿದ್ದು ಹಬ್ಬ. 1904ರಲ್ಲಿ ಬರೆದ ಒಂದು ಚಿತ್ರದ ಹೆಸರೇ 'ಮಹಾಪ್ರಚಂಡ ಅಬ್ರಹಾಂ'. ವರ್ಷಗಟ್ಟಲೆ ಅವನನ್ನು ಬಿಡಲಿಲ್ಲ. ಬೇರೆ ವ್ಯಂಗ್ಯಚಿತ್ರಕಾರರೂ ಬಿಡಲಿಲ್ಲ. ಕೊನೆಗೆ 1909ರಲ್ಲಿ ಕೈಪರ್ ಮೇಲೆ ಬಂದ ವ್ಯಂಗ್ಯಚಿತ್ರಗಳನ್ನೆಲ್ಲ ಆರಿಸಿ ಒಂದು ಪುಸ್ತಕ ಮಾಡಿದರು. ಮುನ್ನುಡಿ ಬರೆದದ್ದು ಯಾರು ಗೊತ್ತಾ? ಕೈಪರನೇ.

ನಾನಿದನ್ನು ಓದಿ ಜೋರಾಗಿ ನಕ್ಕೆ. ಆಮೇಲೆ ಅಷ್ಟೇನೂ ನಗು ಬರಲಿಲ್ಲ. ನಮ್ಮಲ್ಲೂ ಅಂಥದ್ದು ನಡೆದಿತ್ತು. 1948ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಅವರ ವಾರಪತ್ರಿಕೆ ಬಿಡುಗಡೆ ಮಾಡಿದ ನೆಹರೂ, ನನ್ನನ್ನೂ ಬಿಡಬೇಡಿ ಅಂದಿದ್ದರು. ಈಗ ಅದನ್ನು ನಾವು ಪುರಾಣದ ಕಥೆ ಥರ ಹೇಳಿಕೊಳ್ತೀವಿ. ಹೋಗಲಿ, ಕೈಪರ್ ದೊಡ್ಡ ಮನಸ್ಸಿನವನು ಅಂತ ನಾನು ಪ್ರಮಾಣಪತ್ರ ಕೊಡಲ್ಲ. ಮುಷ್ಕರಗಾರರ ಕತ್ತು ಹಿಸುಕಿದವನೂ ಅವನೇ. ಅವನು ಬುದ್ಧಿವಂತ ರಾಜಕಾರಣಿ. ನನ್ನನ್ನು ಇಷ್ಟು ದೊಡ್ಡದಾಗಿ ಬರೆದಿದ್ದಾರೆ ಅಂದ್ರೆ ನಾನು ದೊಡ್ಡವನೇ ಅಲ್ವಾ ಅಂತ ಲೆಕ್ಕ ಹಾಕಿರಬೇಕು. ಕಟೌಟಿಗೆ ಹಾಲು ಹೊಯ್ದರೂ ಸರಿ, ಮಸಿ ಬಳಿದರೂ ಸರಿ, ಕಟೌಟು ಕಟೌಟೇ.

ಹಾನ್‌ನನ್ನು ಹೊಗಳುತ್ತಾ ಹೋದರೆ ಒಂದು ಮಾತು ಬಿಟ್ಟುಹೋಗುತ್ತದೆ. ಅವನ ಬಂಡವಾಳಗಾರರೆಲ್ಲ ಒಂದೇ ಅಚ್ಚು. ಡೊಳ್ಳು ಹೊಟ್ಟೆ, ಎತ್ತರದ ಟೋಪಿ. ನಾನು ನೋಡಿದ ಚಿತ್ರಗಳಲ್ಲಿ ತನ್ನ ಪಕ್ಷದವರ ಮೇಲೆ ಅಷ್ಟು ಗಟ್ಟಿಯಾಗಿ ಕೈ ಮಾಡಿದ್ದು ಕಾಣಲಿಲ್ಲ. ಪಕ್ಷದ ಅನ್ನ ತಿಂದ ಕೈ, ಪಕ್ಷದ ಕಡೆಗೇ ವಾಲಿತ್ತು. ಲಕ್ಷ್ಮಣ್ ಅವರ ಮೂಲೆಯ ಮುದುಕ ಎಲ್ಲರನ್ನೂ ಒಂದೇ ಕಣ್ಣಲ್ಲಿ ನೋಡುತ್ತಿದ್ದ. ಅಲ್ಲಿ ಲಕ್ಷ್ಮಣ್ ಗೆಲ್ಲುತ್ತಾರೆ.

ಆದರೆ ಯುದ್ಧ ಬಂದಾಗ ಹಾನ್‌ನ ತೂಕ ಗೊತ್ತಾಗುತ್ತದೆ. 1914ರಲ್ಲಿ ನೆದರ್‌ಲ್ಯಾಂಡ್ಸ್ ಯಾರ ಕಡೆಗೂ ಸೇರಲಿಲ್ಲ. ಆಗ ಇಲ್ಲಿ ಇನ್ನೊಬ್ಬ ದೊಡ್ಡ ವ್ಯಂಗ್ಯಚಿತ್ರಕಾರ ಇದ್ದ, ಲೂಯಿ ರಾಮಾಕರ್ಸ್. ಹಾನ್‌ಗಿಂತ ಎಂಟು ವರ್ಷ ದೊಡ್ಡವನು, 'ಟೆಲಿಗ್ರಾಫ್' ಪತ್ರಿಕೆಯವನು. ತಾಯಿ ಕಡೆಯಿಂದ ಜರ್ಮನ್ ರಕ್ತ ಇದ್ದರೂ ಬೆಲ್ಜಿಯಂನಲ್ಲಿ ಜರ್ಮನ್ ಸೇನೆ ಮಾಡಿದ್ದನ್ನು ನೋಡಿ ಕೆರಳಿದ. ಅವನ ಜರ್ಮನ್ನರು ರಾಕ್ಷಸರು, ಬೆಲ್ಜಿಯಂ ಅಂದ್ರೆ ಶಿಲುಬೆಯ ಮೇಲಿನ ಹೆಣ್ಣು. ಜರ್ಮನಿ ಒತ್ತಡ ಹಾಕಿತು. ಅವನು ಲಂಡನ್ನಿಗೆ ಹೋದ. ಬ್ರಿಟಿಷ್ ಪ್ರಚಾರ ವಿಭಾಗ ಅವನ ಚಿತ್ರಗಳನ್ನು ಪೋಸ್ಟ್‌ಕಾರ್ಡು, ಪೋಸ್ಟರ್, ಸಿಗರೇಟ್ ಪ್ಯಾಕಿನ ಚೀಟಿ ಎಲ್ಲದರಲ್ಲೂ ಅಚ್ಚು ಹಾಕಿ ಲೋಕಕ್ಕೆಲ್ಲ ಹಂಚಿತು. ಆ ಕಾಲಕ್ಕೆ ಹಾನ್‌ಗಿಂತ ಎಷ್ಟೋ ಪಟ್ಟು ಹೆಸರು ಅವನದು.

ಹಾನ್ ಮನೆಯಲ್ಲೇ ಉಳಿದ. ಅವನ ಚಿತ್ರದಲ್ಲಿ ಎರಡೂ ಕಡೆಯ ರಾಜರು, ಸೇನಾಪತಿಗಳು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸಾವು ಇಬ್ಬರ ಹೆಗಲ ಮೇಲೂ ಕೈ ಹಾಕುತ್ತದೆ. ಯುದ್ಧದಲ್ಲಿ ದುಡ್ಡು ಮಾಡಿಕೊಂಡ ಡಚ್ ವ್ಯಾಪಾರಿಗಳನ್ನೂ ಅವನು ಬಿಡಲಿಲ್ಲ. ಚಿತ್ರವಾಗಿ ನೋಡಿದರೆ ರಾಮಾಕರ್ಸ್ ಹೆಚ್ಚು ಕಾಡುತ್ತಾನೆ, ನಿಜ. ಶತ್ರು ಒಬ್ಬನೇ ಇದ್ದರೆ ಪೋಸ್ಟರ್ ಚೆನ್ನಾಗಿ ಬರುತ್ತದೆ. ಆದರೆ ರಾಮಾಕರ್ಸ್‌ನ ಚಿತ್ರ ನೋಡಿದವನು ಬಂದೂಕು ಹಿಡಿಯಲು ಹೊರಡುತ್ತಾನೆ. ನನ್ನ ಮನೆ ಗೋಡೆಗೆ ಒಂದನ್ನು ಅಂಟಿಸು ಅಂದರೆ ನಾನು ಹಾನ್‌ನದ್ದನ್ನೇ ಅಂಟಿಸ್ತೀನಿ.

ಹಾನ್‌ನ ಚಿತ್ರಗಳು ಈಗ ಆಮ್ಸ್ಟರ್‌ಡ್ಯಾಮ್‌ನ ಅಂತಾರಾಷ್ಟ್ರೀಯ ಸಾಮಾಜಿಕ ಇತಿಹಾಸ ಸಂಸ್ಥೆಯಲ್ಲಿವೆ. ಮಾರ್ಕ್ಸ್‌ನ ಕೈಬರಹ ಇಟ್ಟಿರುವುದೂ ಅಲ್ಲೇ. ಗೋಡೆ ಮೇಲೆ ಅಂಟಿಸಿ ಮಳೆಗೆ ಬಿಡಲಿಕ್ಕೆ ಮಾಡಿದ ಹಾಳೆ ಇಷ್ಟು ಜೋಪಾನವಾಗಿದೆ. ನಮ್ಮಲ್ಲಿ ಮೈದಾ ಅಂಟಿಗೆ ಆಸೆಪಟ್ಟು ದನ ತಿಂದ ಪೋಸ್ಟರ್‌ಗಳ ಲೆಕ್ಕ ಇಟ್ಟವರಿಲ್ಲ. ಮಾವ ಬರೆದ ಗೋಡೆಗಳಲ್ಲಿ ಉಳಿದದ್ದು ಒಂದು. ಹಳೇ ಅಕ್ಕಿ ಗಿರಣಿಯ ಹಿಂದೆ, ಸುಣ್ಣದ ಮೂರು ಪದರದ ಕೆಳಗೆ ಒಂದು ಎತ್ತಿನ ಕೊಂಬು ಇಣುಕುತ್ತದೆ.

ಹಾಗಂತ ಇವತ್ತಿನ ಡಚ್ಚರು ಹಾನ್‌ನ ಮೊಮ್ಮಕ್ಕಳು ಅಂತ ತಿಳಿಯಬೇಡಿ. ಚುನಾವಣೆ ಬಂದರೆ ನಗರಸಭೆಯವರೇ ಅಲ್ಲಲ್ಲಿ ಒಂದು ಹಲಗೆ ನಿಲ್ಲಿಸುತ್ತಾರೆ. ಪ್ರತಿ ಪಕ್ಷಕ್ಕೆ ಒಂದು ಚೌಕ, ಎಲ್ಲರಿಗೂ ಒಂದೇ ಅಳತೆ. ಅದರ ಆಚೆ ಕಂಡಲ್ಲಿ ಅಂಟಿಸುವ ಹಾಗಿಲ್ಲ. ಮನೆಯವರು ಬೇಕಾದರೆ ತಮ್ಮ ಕಿಟಕಿಗೆ ಹಚ್ಚಿಕೊಳ್ಳಬಹುದು. 2023ರ ಸಂಸತ್ ಚುನಾವಣೆಯಲ್ಲಿ 26 ಪಕ್ಷ ಇದ್ದವು. ನಮ್ಮ ಬೀದಿ ಕೊನೆಯ ಹಲಗೆ ನೋಡಿದರೆ ಪಾಸ್‌ಪೋರ್ಟ್ ಫೋಟೋಗಳ ಅಂಗಡಿ ಥರ ಇತ್ತು. ನಗುಮುಖ, ಪಕ್ಷದ ಬಣ್ಣ, ಹಲ್ಲುಪುಡಿ ಜಾಹೀರಾತಿನಂಥ ಒಂದು ಸಾಲು. ಅಳತೆ ಒಂದೇ ಆದ್ದರಿಂದ ಯಾರೂ ದೊಡ್ಡವರಲ್ಲ, ಯಾರೂ ಸಣ್ಣವರಲ್ಲ. ನ್ಯಾಯವಾಗಿದೆ. ಒಂದೂ ನೆನಪಿಲ್ಲ.

ಐದು ವರ್ಷ ಇಲ್ಲಿ ವಾಸ ಇದ್ದ ಹೊರದೇಶದವರಿಗೆ ನಗರಸಭೆ ಚುನಾವಣೆಯಲ್ಲಿ ಓಟು ಇದೆ. 2022ರ ಮಾರ್ಚ್‌ನಲ್ಲಿ ನಾನೂ ಹಾಕಿದೆ. ಮತಪತ್ರ ಅಂದ್ರೆ ಮೇಜಿನ ಬಟ್ಟೆಯಷ್ಟು ದೊಡ್ಡ ಹಾಳೆ. ಅದನ್ನು ಬಿಚ್ಚಿ ಮಡಚೋದೇ ಒಂದು ಕೆಲಸ. ಕೈ, ಕಮಲ, ತೆನೆ ಹೊತ್ತ ಮಹಿಳೆ ಅಂಥ ಗುರುತಿಲ್ಲ, ಬರೀ ಹೆಸರುಗಳು. ಹೆಸರಿನ ಮುಂದೆ ಒಂದು ಬಿಳಿ ಸುತ್ತು, ಅದಕ್ಕೆ ಕೆಂಪು ಪೆನ್ಸಿಲ್‌ನಿಂದ ಬಣ್ಣ ತುಂಬಬೇಕು. ಯಾವ ಪಕ್ಷಕ್ಕೆ ಹಾಕಿದರೂ ಕೆಂಪೇ. ಹಾನ್‌ಗೆ ಖುಷಿಯಾಗುತ್ತಿತ್ತು. ಪೆನ್ಸಿಲ್ ಹಿಡಿದು ಸುತ್ತು ತುಂಬುವಾಗ ನನಗೆ ಮಾವನ ಜೊತೆ ಅಕ್ಷರದ ಹೊಟ್ಟೆಯೊಳಗೆ ಬಣ್ಣ ತುಂಬಿದ್ದು ನೆನಪಾಯಿತು. ಗೆರೆ ದಾಟಬಾರದು ಅಂತ ಹುಷಾರಾಗಿ ತುಂಬಿದೆ. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು.

ಮುಷ್ಕರದ ಆ ಚಿತ್ರವನ್ನು ಮಾವನಿಗೂ ಕಳಿಸಿದ್ದೆ. ಎಪ್ಪತ್ತು ದಾಟಿದೆ, ಕೈ ನಡುಗುತ್ತೆ, ಫ್ಲೆಕ್ಸ್ ಬಂದಮೇಲೆ ಕೆಲಸ ಹೇಗೂ ನಿಂತಿತ್ತು. ವಿಡಿಯೋ ಕಾಲ್ ಮಾಡಿದಾಗ ಅವರು ಚಿತ್ರವನ್ನು ಮಗನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಸಿ ನೋಡುತ್ತಾ ಕೂತಿದ್ದರು. ನಾನು ಮುಷ್ಕರದ ಕಥೆ ಹೇಳಿದೆ. ಕೈಪರ್ ಕಥೆ ಹೇಳಿದೆ. ಅವರು ಹೂಂಗುಟ್ಟಲೇ ಇಲ್ಲ.

"ಗೆರೆ ಗಟ್ಟಿ ಇದೆ," ಅಂದರು ಕೊನೆಗೆ. "ತೋಳು ನೋಡು. ಅಳಿಸಿ ಬರೆದದ್ದಲ್ಲ. ಒಂದೇ ಸಲಕ್ಕೆ ಎಳೆದಿದ್ದಾನೆ."

"ಪಕ್ಷದ ಕೆಲಸ ಮಾವ ಇದು. ಎಷ್ಟು ವರ್ಷ ಬರೆದ ಗೊತ್ತಾ ಅವರಿಗೆ!"

ಅವರು ಕನ್ನಡಕ ತೆಗೆದು ಅಂಗಿ ಚುಂಗಿನಿಂದ ಒರೆಸಿದರು. ಹಿಂದಿನ ಗೋಡೆಗೆ ಒರಗಿಸಿಟ್ಟ ಬಿದಿರಿನ ಏಣಿ ನನಗೆ ಕಾಣುತ್ತಿತ್ತು. ಅದನ್ನು ಇನ್ನೂ ಮಾರಿಲ್ಲ.

"ಅದು ಸರಿ ಮಾರಾಯ," ಅಂದರು. "ಚುನಾವಣೆ ಮುಗಿದ ಮೇಲೆ ಅವನಿಗೆ ದುಡ್ಡು ಕೊಡ್ತಿದ್ರಾ? ನನಗೆ ತೊಂಬತ್ತನಾಲ್ಕರದ್ದು ಇನ್ನೂ ಬರಬೇಕು."